ರಾಗಿ ಕಾಳಿಗಿಂತ ಚಿಕ್ಕ ತಪ್ಪು

ಸಂಪಿನಲ್ಲಿ ನೀರು ಎಷ್ಟಿದೆ ಎಂದು ಬಗ್ಗಿ ನೋಡಿದ್ದೇ ತಪ್ಪಾಯಿತು. ಅಂಗಿಯ ಜೇಬಿನಲ್ಲಿದ್ದ ಫೋನು ‘ಬುಳಕ್’ ಎಂದು ಒಳಗೆ ಹೋಯಿತು. ಮಗ ಇಳಿದು ತೆಗೆದುಕೊಡುವ ಹೊತ್ತಿಗೆ ಹತ್ತು ನಿಮಿಷ ಕಳೆದಿತ್ತು.

ಆಮೇಲೆ ನಾನು ಇನ್ನೂ ಎರಡು ತಪ್ಪು ಮಾಡಿದೆ. ಯಾರೋ ಹೇಳಿದರೆಂದು ಫೋನನ್ನು ಅಕ್ಕಿ ಡಬ್ಬದಲ್ಲಿ ಹೂತಿಟ್ಟೆ. ಮಾರನೆಯ ದಿನ ತೆಗೆದು, ಒಣಗಿದೆ ಎಂದುಕೊಂಡು ಚಾರ್ಜಿಗೆ ಹಾಕಿದೆ. ಅದು ಸ್ವಲ್ಪ ಬೆಚ್ಚಗಾಯಿತು, ಆಮೇಲೆ ತಣ್ಣಗಾಯಿತು. ಅಷ್ಟೇ.

ಫೋನು ಹೋದರೆ ಇನ್ನೊಂದು ಕೊಳ್ಳಬಹುದು. ಆದರೆ ಆ ಫೋನಿನೊಳಗೆ ನಮ್ಮ ಅಕ್ಕ ಇದ್ದಳು. ಆರು ತಿಂಗಳ ಹಿಂದೆ ಊರಿಗೆ ಹೋಗಿದ್ದಾಗ, ಜಗಲಿಯ ಮೇಲೆ ಕೂರಿಸಿಕೊಂಡು ಅವಳಿಂದ ಹಾಡು ಹೇಳಿಸಿ ರೆಕಾರ್ಡ್ ಮಾಡಿಕೊಂಡಿದ್ದೆ. ಸೋಬಾನೆ ಪದ, ಹಸೆಗೆ ಕರೆಯುವ ಹಾಡು, ಅಮ್ಮ ರಾಗಿ ಬೀಸುವಾಗ ಹೇಳುತ್ತಿದ್ದ ಪದ, ಎಲ್ಲ ಸೇರಿ ಹನ್ನೊಂದು. ಎರಡು ತಿಂಗಳಿಗೆ ಅಕ್ಕ ಹೋಗಿಬಿಟ್ಟಳು. ಆ ಹಾಡುಗಳು ಬೇರೆ ಯಾರಿಗೂ ಬಾರವು. ಬೇರೆ ಎಲ್ಲಿಯೂ ನಾನು ಪ್ರತಿ ಇಟ್ಟಿರಲಿಲ್ಲ. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಕಾರ್ಬನ್ ಹಾಕಿ ಬರೆದವನು ನಾನು!

ಸರ್ವಿಸ್ ಸೆಂಟರಿನಲ್ಲಿ, “ಬೋರ್ಡೇ ಬದಲಾಯಿಸಬೇಕು ಸರ್. ಒಳಗಿರೋದೆಲ್ಲ ಹೋಗುತ್ತೆ” ಎಂದರು. ಮೆಮೊರಿಯ ಚಿಪ್ಪನ್ನು ಕಿತ್ತು ಬೇರೆ ಫೋನಿಗೆ ಹಾಕಬಾರದೇ ಎಂದು ಕೇಳಿದೆ. ಆಗುವುದಿಲ್ಲವಂತೆ. ಕಾರಣ ಕೇಳಿದಾಗ ನನಗೆ ನಮ್ಮ ಸ್ಟ್ರಾಂಗ್ ರೂಮು ನೆನಪಾಯಿತು. ಬ್ಯಾಂಕಿನ ತಿಜೋರಿಗೆ ಎರಡು ಬೀಗದ ಕೈ, ಇಬ್ಬರ ಬಳಿ. ಇಬ್ಬರೂ ಬಂದರೆ ಮಾತ್ರ ಬಾಗಿಲು ತೆರೆಯುತ್ತದೆ. ಈಗಿನ ಫೋನುಗಳೂ ಹಾಗೆಯೇ. ಒಂದು ಕೀಲಿ ನಾವು ಒತ್ತುವ ಪಾಸ್‌ವರ್ಡ್. ಇನ್ನೊಂದು ಆ ಫೋನಿನ ಪ್ರೊಸೆಸರಿನ ಒಳಗೇ ಹುದುಗಿರುತ್ತದೆ. ಎರಡೂ ಸೇರದೆ ಒಳಗಿರುವುದನ್ನು ಓದಲಾಗದು. ಅಂದರೆ ಅಕ್ಕನ ದನಿ ಬೇಕೆಂದರೆ ಸತ್ತಿರುವ ಅದೇ ಬೋರ್ಡಿಗೆ ಜೀವ ಬರಬೇಕು.

ನಮ್ಮ ಬಡಾವಣೆಯ ಮುಖ್ಯರಸ್ತೆಯಲ್ಲಿ ಒಂದು ಪುಟ್ಟ ರಿಪೇರಿ ಅಂಗಡಿ. ನಡೆಸುವವನು ಐಟಿಐ ಓದಿದ ಹುಡುಗ, ಇಪ್ಪತ್ತಾರು ವರ್ಷವಿರಬಹುದು. ಫೋನು ಬಿಚ್ಚಿ, ಬೋರ್ಡನ್ನು ಆಲ್ಕೋಹಾಲಿನಲ್ಲಿ ತೊಳೆದು, ಮೀಟರಿನ ಕಡ್ಡಿ ತಾಗಿಸಿ ನೋಡಿದ. “ಮೇನ್ ಲೈನ್ ಶಾರ್ಟ್ ಆಗಿದೆ ಸರ್. ಎಲ್ಲಿ ಅಂತ ಹುಡುಕಬೇಕು, ಟೈಮ್ ಹಿಡಿಯುತ್ತೆ. ಕೈಯಲ್ಲಿ ಇಪ್ಪತ್ತು ಸೆಟ್ ಇದೆ, ನಾನೊಬ್ಬನೇ. ಬಿಡುವಾದಾಗ ನೋಡ್ತೀನಿ. ಗ್ಯಾರಂಟಿ ಕೊಡಲ್ಲ” ಎಂದ.

ದಿನವೂ ಹೋದೆ. ಅವನಿಗೆ ಬಿಡುವಾಗಲಿಲ್ಲ. ನನಗೋ ಬಿಡುವೇ ಬಿಡುವು. ಸ್ಟೂಲ್ ಹಾಕಿಕೊಂಡು ಕೂತು ನೋಡತೊಡಗಿದೆ. ಒಂದು ದಿನ ಕೇಳಿಯೇಬಿಟ್ಟೆ: “ಹುಡುಕೋದು ಅಂದರೆ ಏನಪ್ಪಾ ಅದು?”

“ಬ್ಯಾಟರಿ ಲೈನಿನ ಮೇಲೆ ಹತ್ತಾರು ಕೆಪಾಸಿಟರ್ ಇರುತ್ತೆ ಸರ್. ಎಲ್ಲಾ ಒಂದೇ ಲೈನಿಗೆ ಜೋಡಿಸಿರೋದು. ಒಂದು ಕೆಟ್ಟರೂ ಅಷ್ಟೂ ಕೆಟ್ಟ ಹಾಗೆ ತೋರಿಸುತ್ತೆ. ಆ ಒಂದು ಯಾವುದು ಅಂತ ಹುಡುಕಬೇಕು.”

ನನಗೆ ನಗು ಬಂತು. ಇದು ನಮ್ಮ ಕೆಲಸವೇ! 1975ರಲ್ಲಿ ನಾನು ಗುಮಾಸ್ತನಾಗಿ ಸೇರಿದಾಗ ಕಂಪ್ಯೂಟರ್ ಇರಲಿಲ್ಲ. ದಪ್ಪ ದಪ್ಪ ಲೆಡ್ಜರುಗಳನ್ನು ಕೈಯಲ್ಲೇ ಬರೆದು, ಕೂಡಿ, ತಾಳೆ ನೋಡಬೇಕಿತ್ತು. ತಾಳೆಯಾಗದೆ ಉಳಿದ ಮೊತ್ತಕ್ಕೆ ‘ಡಿಫರೆನ್ಸ್’ ಎನ್ನುತ್ತಿದ್ದೆವು. ಸಾವಿರಾರು ನಮೂದುಗಳಲ್ಲಿ ಒಂದು ತಪ್ಪಿದ್ದರೂ ಇಡೀ ಶಾಖೆಯ ಲೆಕ್ಕ ತಪ್ಪು. ಹಿರಿಯರು ಉಪಾಯ ಕಲಿಸಿದ್ದರು. ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಯಾರೋ ಅಂಕಿ ಅದಲುಬದಲು ಮಾಡಿರಬಹುದು. 54 ಬರೆಯುವ ಕಡೆ 45 ಬರೆದರೆ ವ್ಯತ್ಯಾಸ 9 ತಾನೆ? ಎರಡರಿಂದ ಭಾಗವಾದರೆ ಅದರ ಅರ್ಧ ಮೊತ್ತವನ್ನು ಹುಡುಕು, ಜಮೆಯ ಕಡೆ ಬರೆಯಬೇಕಾದದ್ದನ್ನು ಖರ್ಚಿನ ಕಡೆ ಬರೆದಿರಬಹುದು. (ಮಕ್ಕಳೇ, ಕಾಗದ ಹಿಡಿದು ಮಾಡಿ ನೋಡಿ.) ಸುಮ್ಮನೆ ಮೊದಲಿನಿಂದ ಕೂಡುತ್ತ ಕೂರುವವನು ಗುಮಾಸ್ತನಲ್ಲ, ತಪ್ಪು ಎಲ್ಲಿರಬಹುದು ಎಂದು ಊಹಿಸಿ ಅಲ್ಲಿಗೆ ಹೋಗುವವನು ಗುಮಾಸ್ತ.

ಇದನ್ನೆಲ್ಲ ಹೇಳಿದೆ. ಹುಡುಗ ನಕ್ಕು, “ಹಾಗಾದ್ರೆ ನೀವೇ ಹುಡುಕಿ ಸರ್. ಆದ್ರೆ ಮೊದಲು ಗುಜರಿ ಬೋರ್ಡಿನ ಮೇಲೆ ಕಲಿಯಿರಿ. ನಿಮ್ಮ ಬೋರ್ಡ್ ಮುಟ್ಟೋದು ಕೊನೆಗೆ” ಎಂದ. ಹೀಗೆ ಎಪ್ಪತ್ತು ದಾಟಿದ ಮೇಲೆ ನನಗೊಬ್ಬ ಗುರು ಸಿಕ್ಕಿದ.

ಮೊದಲ ಪಾಠ ಮಲ್ಟಿಮೀಟರ್. ಅದರಲ್ಲಿ ಡಯೋಡ್ ಎಂಬ ಒಂದು ಸ್ಥಾನವಿದೆ. ಕೆಂಪು ಕಡ್ಡಿಯನ್ನು ಗ್ರೌಂಡಿಗೆ ಹಿಡಿದು, ಕಪ್ಪು ಕಡ್ಡಿಯನ್ನು ಬೋರ್ಡಿನ ಒಂದೊಂದೇ ಬಿಂದುವಿಗೆ ತಾಗಿಸಬೇಕು. ಮೀಟರು ಸಣ್ಣ ಕರೆಂಟ್ ಹರಿಸಿ ಒಂದು ಅಂಕಿ ತೋರಿಸುತ್ತದೆ. ಅಂಕಿ ಸೊನ್ನೆಯಾದರೆ ಶಾರ್ಟ್, ಕರೆಂಟು ಅಡ್ಡದಾರಿ ಹಿಡಿದು ನೇರ ಗ್ರೌಂಡಿಗೆ ಓಡುತ್ತಿದೆ. ಏನೂ ಅಳತೆ ಸಿಗದೆ ‘ಓಎಲ್’ ಎಂದು ತೋರಿಸಿದರೆ ಆ ದಾರಿ ಎಲ್ಲೋ ತುಂಡಾಗಿರಬಹುದು. ನಡುವಿನ ಅಂಕಿ ಬಂದರೆ ಅದೇ ಮಾದರಿಯ ಒಳ್ಳೆಯ ಬೋರ್ಡಿನ ಅಂಕಿಯ ಜೊತೆ ಹೋಲಿಸಬೇಕು. ಪಾಸ್‌ಬುಕ್ಕನ್ನು ಲೆಡ್ಜರಿನ ಜೊತೆ ತಾಳೆ ನೋಡಿದ ಹಾಗೆ. ನಾನು ಒಂದು ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಹಾಕಿ ಬರೆದಿಟ್ಟುಕೊಳ್ಳತೊಡಗಿದೆ. ಹುಡುಗನಿಗೆ ಆ ಪುಸ್ತಕ ಎಷ್ಟು ಹಿಡಿಸಿತೆಂದರೆ, ಈಗ ಅದು ಅಂಗಡಿಯಲ್ಲೇ ಇದೆ.

ಎರಡನೆಯ ಪಾಠ ಮನೆಯಲ್ಲಿ, ಹತ್ತನೇ ತರಗತಿಯ ಮೊಮ್ಮಗಳಿಂದ. ಅವಳ ವಿಜ್ಞಾನ ಪುಸ್ತಕದಲ್ಲಿ ಓಮ್‌ನ ನಿಯಮವಿದೆ. ಜಾರ್ಜ್ ಓಮ್ ಎಂಬ ಜರ್ಮನಿಯ ಶಾಲಾ ಮೇಷ್ಟ್ರು 1827ರಲ್ಲಿ ಪ್ರಕಟಿಸಿದ್ದು. “ತಾತ, ರೋಧ ಕಡಿಮೆ ಆದ್ರೆ ಕರೆಂಟ್ ಜಾಸ್ತಿ ಹರಿಯುತ್ತೆ. ಕರೆಂಟ್ ಜಾಸ್ತಿ ಹರಿದ ಕಡೆ ಬಿಸಿಯಾಗುತ್ತೆ” ಎಂದು ಟೀಚರಮ್ಮನ ಹಾಗೆ ಹೇಳಿದಳು. ಬಿಕಾಂ ಓದಿದ ನನಗೆ ಇದು ಪರೀಕ್ಷೆಗೆ ಬಂದಿರಲಿಲ್ಲ. ಆದರೆ ಇಡೀ ಕಥೆಯ ಬೀಗದ ಕೈ ಈ ಎರಡು ವಾಕ್ಯದಲ್ಲೇ ಇತ್ತು.

ಕಲಿಯುವಾಗ ಎಡವದೆ ಇರಲಿಲ್ಲ. ಬಿಸಿಗಾಳಿಯ ಯಂತ್ರವನ್ನು ಒಂದೇ ಕಡೆ ಹೆಚ್ಚು ಹೊತ್ತು ಹಿಡಿದು ಒಂದು ಗುಜರಿ ಬೋರ್ಡನ್ನು ದೋಸೆಯಂತೆ ಉಬ್ಬಿಸಿದೆ. ಸೀಸವಿಲ್ಲದ ಬೆಸುಗೆ ಕರಗುವುದಕ್ಕೆ ಸುಮಾರು 217 ಡಿಗ್ರಿ ಸೆಲ್ಸಿಯಸ್ ಬೇಕು. ಸೀಸ ಬೆರೆತದ್ದು 183ಕ್ಕೇ ಕರಗುತ್ತದೆ. ಆ ಹದ ಕೈಗೆ ಬರಬೇಕು. ಇನ್ನೊಮ್ಮೆ, ಪಕ್ಕದ ಮನೆಯವರ ಫೋನು ಚಾರ್ಜ್ ಆಗುತ್ತಿಲ್ಲವೆಂದಾಗ, ನಾನು ದೊಡ್ಡ ಪಂಡಿತನಂತೆ “ಬೋರ್ಡಿನಲ್ಲೇ ದೋಷ” ಎಂದು ತೀರ್ಪು ಕೊಟ್ಟೆ. ಗುರುಗಳು ಚಾರ್ಜಿಂಗ್ ತೂತಿನಿಂದ ಸಣ್ಣ ಕಡ್ಡಿಯಲ್ಲಿ ಜೇಬಿನ ನೂಲಿನ ಕಸ ತೆಗೆದರು. ಫೋನು ಚಾರ್ಜಾಯಿತು. ನಾನು ಆ ದಿನ ಸ್ವಲ್ಪ ಬೇಗ ಮನೆಗೆ ಹೋದೆ.

ಮೂರು ತಿಂಗಳ ಮೇಲೆ ನನ್ನ ಬೋರ್ಡನ್ನು ಮೇಜಿನ ಮೇಲಿಟ್ಟ. “ಹುಡುಕಿ ಸರ್.”

ಪವರ್ ಸಪ್ಲೈ ಎಂಬ ಪೆಟ್ಟಿಗೆಯನ್ನು ಬ್ಯಾಟರಿಯ ಬದಲು ಜೋಡಿಸಿ 4 ವೋಲ್ಟ್ ಇಟ್ಟೆವು. ಸ್ವಿಚ್ ಒತ್ತದೆ ಫೋನು ಹೆಚ್ಚುಕಡಿಮೆ ಏನೂ ಕರೆಂಟ್ ಎಳೆಯಬಾರದು. ನನ್ನದು ತಂತಿ ಮುಟ್ಟಿಸಿದ ಕ್ಷಣವೇ ಎಳೆಯಿತು. ಬಾಗಿಲು ತೆರೆಯುವ ಮೊದಲೇ ನಗದು ಸೋರುತ್ತಿದ್ದ ಹಾಗೆ. ಶಾರ್ಟ್ ಬ್ಯಾಟರಿ ಲೈನಿನಲ್ಲೇ ಎಂಬುದು ಖಚಿತವಾಯಿತು. ಆದರೆ ಯಾವ ಕೆಪಾಸಿಟರು?

ಇಲ್ಲಿ ಗುರುಗಳು ನನಗೊಂದು ಹಳೆಯ ವಿದ್ಯೆ ತೋರಿಸಿದರು. ಪೈನ್ ಮರದಿಂದ ಬರುವ ರಾಳ ಇದೆಯಲ್ಲ, ಪಿಟೀಲಿನ ಕಮಾನಿಗೆ ಉಜ್ಜುತ್ತಾರೆ, ಅದನ್ನು ಬಿಸಿ ಮಾಡಿ ಅದರ ಹೊಗೆಯನ್ನು ಬೋರ್ಡಿನ ಮೇಲೆ ಹಿಡಿದರು. ಬೋರ್ಡಿನ ಮೇಲೆಲ್ಲ ಇಬ್ಬನಿ ಕೂತ ಹಾಗೆ ಬೆಳ್ಳಗೆ ಒಂದು ಪದರ. ಆಮೇಲೆ ಆ ಲೈನಿಗೆ ಕಡಿಮೆ ವೋಲ್ಟಿನ ವಿದ್ಯುತ್ ಕೊಟ್ಟರು. ನಾನು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತೆ.

ಕರೆಂಟು ಅಡ್ಡದಾರಿ ಹಿಡಿದ ಕಡೆ ಬಿಸಿಯಾಗುತ್ತದೆ. ಬಿಸಿಯಾದ ಕಡೆ ರಾಳ ಕರಗುತ್ತದೆ. ಎರಡು ಸೆಕೆಂಡ್. ಆ ಬಿಳಿ ಹಾಸಿನ ನಡುವೆ ಒಂದೇ ಒಂದು ಕೆಪಾಸಿಟರಿನ ಮೇಲೆ ಬಿಳುಪು ಕರಗಿ, ಕಂದು ಬಣ್ಣ ಎದ್ದು ಕಂಡಿತು.

“ಸಿಕ್ತು!” ಎಂದು ಕೂಗಿಬಿಟ್ಟೆ. ರಸ್ತೆಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. 1980ರ ಸುಮಾರಿಗೆ ರಾತ್ರಿ ಹತ್ತು ಗಂಟೆಗೆ ಡಿಫರೆನ್ಸ್ ಸಿಕ್ಕಾಗ ಹೀಗೇ ಕೂಗಿದ್ದೆ.

ಅದರ ಉದ್ದ 0.6 ಮಿಲಿಮೀಟರ್, ಅಗಲ ಅದರ ಅರ್ಧ. ರಾಗಿ ಕಾಳಿಗಿಂತ ಚಿಕ್ಕದು. ನೀರಿನ ಜೊತೆ ನಾನು ಚಾರ್ಜು ಕೊಟ್ಟಾಗ ಕೆಟ್ಟದ್ದು ಅದೇ ಇರಬೇಕು. ಅದನ್ನು ಕೀಳುವ ಕೆಲಸಕ್ಕೆ ನಾನು ಚಿಮಟ ಹಿಡಿದೆ, ಕೈ ನಡುಗಿತು. ಪಕ್ಕದಲ್ಲೇ ಕೂದಲೆಳೆಯ ಅಂತರದಲ್ಲಿ ಬೇರೆ ಭಾಗಗಳಿವೆ. ಸುಮ್ಮನೆ ಚಿಮಟವನ್ನು ಗುರುಗಳ ಕೈಗೆ ಕೊಟ್ಟೆ. ನಾಚಿಕೆಪಡುವುದಕ್ಕೆ ಏನಿದೆ? ಹುಡುಕಿದ ಕಣ್ಣು ನನ್ನದು, ಕಿತ್ತ ಕೈ ಅವನದು.

ಮತ್ತೆ ಮೀಟರ್ ಇಟ್ಟೆವು. ಸೊನ್ನೆ ಹೋಗಿ ಒಳ್ಳೆಯ ಬೋರ್ಡಿನ ಅಂಕಿಗೆ ಹತ್ತಿರ ಬಂತು. ಹೊಸ ಕೆಪಾಸಿಟರ್ ಕೂರಿಸಿ, ಪರದೆ ಜೋಡಿಸಿ, ಸ್ವಿಚ್ ಒತ್ತಿದಾಗ ಪವರ್ ಸಪ್ಲೈನ ಅಂಕಿಗಳು ಏರಿ ಇಳಿದು ಕುಣಿದವು. “ಬೂಟ್ ಆಗ್ತಿದೆ ಸರ್” ಎಂದ. ಪರದೆ ಬೆಳಗಿತು. ಪಾಸ್‌ವರ್ಡ್ ಒತ್ತಿದೆ.

ಹನ್ನೊಂದು ಹಾಡೂ ಇದ್ದವು.

ಗುರುಗಳು ಮಜೂರಿ ಬೇಡವೆಂದರು. ನಾನು ಬಿಡಲಿಲ್ಲ, ದುಡ್ಡು ಕೊಟ್ಟೆ. ಅದರ ಮೇಲೆ ಗುರುದಕ್ಷಿಣೆಯೆಂದು ಅಂಗಡಿಯ ಜಮಾಖರ್ಚು ಬರೆಯಲು ಕಲಿಸುತ್ತಿದ್ದೇನೆ. ಸೂಕ್ಷ್ಮದರ್ಶಕದ ಕೆಳಗೆ ಕೂದಲೆಳೆ ಕಾಣುವ ಹುಡುಗನಿಗೆ, ತಿಂಗಳಿಗೆ ಎಷ್ಟು ಉಳಿಯಿತು ಎಂಬುದು ಕಾಣುತ್ತಿರಲಿಲ್ಲ!

ನನ್ನ ತಪ್ಪಿನಿಂದ ನೀವು ಕಲಿಯಬಹುದಾದದ್ದು ಇಷ್ಟು. ಫೋನು ನೀರಿಗೆ ಬಿದ್ದರೆ ಕೂಡಲೇ ಆಫ್ ಮಾಡಿ, ಚಾರ್ಜಿಗೆ ಹಾಕಬೇಡಿ. ಅಕ್ಕಿ ಡಬ್ಬ ಬೇಡ. ಒಳಗೆ ಸೇರಿದ ನೀರಿನ ಲವಣವನ್ನು ಅಕ್ಕಿ ಹೀರುವುದಿಲ್ಲ, ಅದು ನಿಧಾನವಾಗಿ ಲೋಹವನ್ನು ತಿನ್ನುತ್ತದೆ. ಬೇಗ ರಿಪೇರಿಯವರಿಗೆ ಕೊಡಿ. ಮಕ್ಕಳೇ, ಬ್ಯಾಟರಿ ಉಬ್ಬಿದ್ದರೆ ಒತ್ತಬೇಡಿ, ಚುಚ್ಚಬೇಡಿ, ಬೆಂಕಿ ಹತ್ತಬಹುದು. ಬೋರ್ಡ್ ಬಿಚ್ಚುವ ಆಸೆಯಿದ್ದರೆ ದೊಡ್ಡವರ ಜೊತೆ ಕೂತು ಹಳೆಯ ಗುಜರಿ ಬೋರ್ಡಿನಿಂದ ಶುರು ಮಾಡಿ.

ಆ ರಾತ್ರಿ ಊಟವಾದ ಮೇಲೆ ಮೊಮ್ಮಗಳು ಮೊದಲನೆಯ ಹಾಡು ಹಾಕಿದಳು. ಅರ್ಧಕ್ಕೆ ಅಕ್ಕ ನಿಲ್ಲಿಸಿ ಕೇಳುತ್ತಾಳೆ: “ಲೋ, ಇದು ಉಳಿಯುತ್ತೇನೋ?” ನನ್ನದೇ ದನಿ ಉತ್ತರ ಕೊಡುತ್ತದೆ: “ಉಳಿಯುತ್ತೆ ಕಣಕ್ಕ, ನೀನು ಹಾಡು.” ಹೀಗೊಂದು ಮಾತಾಗಿತ್ತು ಎಂಬುದೇ ನನಗೆ ಮರೆತಿತ್ತು.

ಮೊಮ್ಮಗಳು ಏನೂ ಹೇಳದೆ ಎದ್ದು ಹೋಗಿ ಲ್ಯಾಪ್‌ಟಾಪ್ ತಂದಳು. ಈಗ ಹನ್ನೊಂದು ಹಾಡು ಲ್ಯಾಪ್‌ಟಾಪಿನಲ್ಲಿ ಒಂದು ಪ್ರತಿ, ಪೆನ್‌ಡ್ರೈವಿನಲ್ಲಿ ಒಂದು, ಅವಳ ಅಮ್ಮನ ಫೋನಿನಲ್ಲಿ ಒಂದು. ಪೆನ್‌ಡ್ರೈವಿನ ಮೇಲೆ ‘ದೊಡ್ಡಜ್ಜಿ’ ಎಂದು ಚೀಟಿ ಅಂಟಿಸಿದ್ದಾಳೆ. ನಿಮ್ಮ ಫೋನಿನಲ್ಲೂ ಯಾರಾದರೂ ಇದ್ದಾರೆಯೇ? ಈ ಭಾನುವಾರ ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಪ್ರತಿ ತೆಗೆದಿಡಿ.