ಮನೆಯ ಸಾಲಕ್ಕೆ ಮಿತಿ ಎಲ್ಲಿ?

ಬೆಳಗಾವಿಯ ಖಾಸಬಾಗದ ನೇಕಾರ ಕುಟುಂಬವೊಂದಕ್ಕೆ
ಸಾಲ ಮಿತಿಮೀರಿದೆ ಎಂದು
ಯಾವ ಲೆಕ್ಕದಿಂದ ಹೇಳಬೇಕು?

ಸಾಲದ ಮೊತ್ತವೊಂದೇ ಭಾರವನ್ನು ತಿಳಿಸದ ಕಾರಣ,
ತಿಂಗಳ ಆದಾಯದಲ್ಲಿ ಎಷ್ಟು ಪಾಲು
ಕಂತಿಗೆ ಹೋಗುತ್ತದೆ ಎಂಬುದನ್ನು ನೋಡಲಾಗುತ್ತದೆ.

ಪವರ್‌ಲೂಮಿನಿಂದ 20,000 ರೂಪಾಯಿ ದುಡಿಯುವ ಮನೆ,
ಸಂಘದ ಸಾಲ, ಬಂಗಾರದ ಸಾಲ, ಫೈನಾನ್ಸ್ ಸಾಲ ಸೇರಿ
12,000 ಕಂತು ಕಟ್ಟುವುದಾದರೆ,
ಭಾರ ಶೇ. 60.

ಅತಿಯಾಗಿ ಬಿಗಿದ ಹಾಸಿನ ನೂಲಿನಂತೆ,
ಸೀರೆಯ ಬೇಡಿಕೆ ಒಂದೇ ತಿಂಗಳು ಕುಸಿದರೂ
ಆ ಲೆಕ್ಕ ಕಡಿದುಹೋಗುತ್ತದೆ.

ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಕುಟುಂಬಕ್ಕೆ
ಮೈಕ್ರೋಫೈನಾನ್ಸ್ ಸಾಲ ಕೊಡುವಾಗ,
ಎಲ್ಲ ಸಾಲಗಳ ಕಂತು ಸೇರಿ
ಆದಾಯದ ಶೇ. 50 ದಾಟಬಾರದೆಂಬ ನಿಯಮವನ್ನು
ರಿಸರ್ವ್ ಬ್ಯಾಂಕ್ 2022ರ ಏಪ್ರಿಲ್‌ನಿಂದ ಜಾರಿಗೊಳಿಸಿತು.

2023ರ ನವೆಂಬರ್‌ನಲ್ಲಿ,
ವೈಯಕ್ತಿಕ ಸಾಲಗಳಿಗೆ ಬ್ಯಾಂಕುಗಳು
ಹೆಚ್ಚು ಸ್ವಂತ ಬಂಡವಾಳ ಇಡಬೇಕೆಂದೂ ಸೂಚಿಸಿತು.

ಹೀಗೆ ಒಂದೊಂದು ಬ್ಯಾಂಕನ್ನಷ್ಟೇ ಅಲ್ಲದೆ
ಇಡೀ ಹಣಕಾಸು ವ್ಯವಸ್ಥೆಯನ್ನು ಕಾಯುವ ಕ್ರಮಗಳಿಗೆ
ಮ್ಯಾಕ್ರೋಪ್ರುಡೆನ್ಶಿಯಲ್ ನೀತಿ ಎಂದು ಹೆಸರು.

ಸಾಲ ಕೊಟ್ಟ ಮೇಲಿನ ಬಲವಂತದ ವಸೂಲಿಯನ್ನು
ಕರ್ನಾಟಕ ಸರ್ಕಾರ 2025ರ ಫೆಬ್ರುವರಿಯ
ಸುಗ್ರೀವಾಜ್ಞೆಯಿಂದ ನಿಷೇಧಿಸಿತು.

ಆದರೆ ಕೈಗಡವೂ ಖಾಸಗಿ ಬಡ್ಡಿಸಾಲವೂ
ಕ್ರೆಡಿಟ್ ದಾಖಲೆಗೆ ಬಾರದಿರುವವರೆಗೆ,
ಕಾಗದದ ಮೇಲಿನ ಶೇ. 50
ಮನೆಯೊಳಗೆ ಅದಕ್ಕಿಂತ ಹೆಚ್ಚೇ ಇರಬಹುದು.