ಎಳೆಗೈಗೊಂದು ಗವಸು

ಕನ್ನಡದಲ್ಲಿ ‘ತೀಟೆ’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಮೈಯ ನವೆಯೂ ತೀಟೆ, ಹುಡುಗರ ಚೇಷ್ಟೆಯೂ ತೀಟೆ. ಉತ್ತರದ ಜಿಲ್ಲೆಗಳ ಆಡುಮಾತಿನಲ್ಲಿ ನವೆಗೆ ‘ತಿಂಡಿ’ ಎನ್ನುತ್ತಾರೆ. ‘ಕೂಸಿಗೆ ತಿಂಡಿ ಭಾಳ ಆಗೈತ್ರಿ’ ಎಂದು ತಾಯಿ ಹೇಳಿದರೆ ಬೆಂಗಳೂರಿನಿಂದ ಬಂದ ಹೊಸಬ ಉಪ್ಪಿಟ್ಟನ್ನು ನೆನೆದಾನು. ಅದು ನಗುವ ಮಾತಾಯಿತು. ಆದರೆ ‘ತೀಟೆ’ಯ ಎರಡು ಅರ್ಥಗಳನ್ನು ನಾವು ಮನೆಯಲ್ಲಿಯೂ ಬೆರೆಸಿಬಿಡುತ್ತೇವೆ. ಕೈ ಕೆರೆದುಕೊಳ್ಳುವ ಮಗುವನ್ನು ಗದರಿಸುತ್ತೇವೆ, ಕೈಮೇಲೆ ಹೊಡೆಯುತ್ತೇವೆ. ಒಂದೂವರೆ ವರ್ಷದ ಕೂಸಿಗೆ ನವೆಯನ್ನು ತಡೆದುಕೊಳ್ಳೆಂದು ಹೇಳುವುದು ಹಸಿವನ್ನು ತಡೆದುಕೊಳ್ಳೆಂದು ಹೇಳಿದಂತೆಯೇ ಸರಿ.

ಇಸುಬು, ಅಂದರೆ ವೈದ್ಯರು ಎಕ್ಸಿಮಾ ಎನ್ನುವ ಈ ವ್ಯಾಧಿ ಅಂಟುರೋಗವಲ್ಲ. ನೆರೆಮನೆಯ ಮಕ್ಕಳನ್ನು ಇಂಥ ಮಗುವಿನಿಂದ ದೂರವಿಡುವವರು ಇದನ್ನು ಮೊದಲು ತಿಳಿಯಬೇಕು. ಚರ್ಮವೆಂಬುದು ಒಳಗಿನ ತೇವವನ್ನು ಹಿಡಿದಿಡುವ, ಹೊರಗಿನ ಧೂಳು ಸಾಬೂನುಗಳನ್ನು ತಡೆಯುವ ಗೋಡೆ. ಇಂಥ ಮಕ್ಕಳಲ್ಲಿ ಆ ಗೋಡೆ ಸಡಿಲ. ಅದನ್ನು ಗಟ್ಟಿಗೊಳಿಸುವ ಫಿಲಾಗ್ರಿನ್ ಎಂಬ ಪ್ರೋಟೀನು ಕೆಲವರಲ್ಲಿ ಹುಟ್ಟಿನಿಂದಲೇ ಕಡಿಮೆಯಿರುತ್ತದೆಂಬುದನ್ನು 2006ರಲ್ಲಿ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಮೆಕ್ಲೀನ್ ಮತ್ತು ಅವರ ಸಂಗಡಿಗರು ತೋರಿಸಿಕೊಟ್ಟರು. ಚರ್ಮ ಒಣಗಿದರೆ ನವೆ, ಕೆರೆದರೆ ಗಾಯ, ಗಾಯವಾದರೆ ಮತ್ತಷ್ಟು ನವೆ. ಎಳೆಯ ಕೂಸಿನಲ್ಲಿ ಕೈಗಳ ಪಾಡು ಎರಡು ಬಗೆಯದು. ನೆಲದಮೇಲೆ ಅಂಬೆಗಾಲಿಟ್ಟು, ಬಾಯಲ್ಲಿಟ್ಟು ಚೀಪಿ ಅವು ತಾವೇ ಬಿರಿಯುತ್ತವೆ. ರಾತ್ರಿ ನಿದ್ದೆಯಲ್ಲಿ ಒಂದನ್ನೊಂದು ಪರಚಿಕೊಳ್ಳುತ್ತವೆ, ಕೆನ್ನೆಯನ್ನೂ ಬಿಡುವುದಿಲ್ಲ. ಆದುದರಿಂದಲೇ ಉಗುರು ಕತ್ತರಿಸಿ, ಕೈಗೆ ಬಟ್ಟೆಯ ಗವಸು ತೊಡಿಸುವ ಉಪಾಯ.

ರಾಯಚೂರಿನಿಂದ ದೇವದುರ್ಗಕ್ಕೆ ಹೋಗುವ ದಾರಿಯಲ್ಲಿ ಗಬ್ಬೂರು ಸಿಗುತ್ತದೆ. ನಮ್ಮಂಥ ಕನ್ನಡದ ಮೇಷ್ಟರು ಅಲ್ಲಿಗೆ ಹೋಗುವುದು ಹಳೆಯ ಗುಡಿಗಳನ್ನೂ ಶಾಸನಗಳನ್ನೂ ನೋಡಲೆಂದು. ಆದರೆ ಆ ಸೀಮೆಯ ಎರೆಭೂಮಿಯಲ್ಲಿ ಬೆಳೆಯುವ ಹತ್ತಿಯೇ ನಮ್ಮ ಇಂದಿನ ವಿಷಯಕ್ಕೆ ಹತ್ತಿರದ್ದು. ಹಳೆಯ ಸೀರೆ ಧೋತರಗಳನ್ನು ಪದರಪದರವಾಗಿ ಹೊಲಿದು ಕೌದಿ ಮಾಡುವ ಅಲ್ಲಿನ ಅಜ್ಜಿಯರಿಗೆ, ನೂರು ಸಲ ಒಗೆದ ಹತ್ತಿಬಟ್ಟೆಯಷ್ಟು ಮೃದುವಾದದ್ದು ಬೇರೆಯಿಲ್ಲವೆಂಬುದನ್ನು ಯಾರೂ ಕಲಿಸಬೇಕಾಗಿಲ್ಲ. ಇಸುಬಿನ ಮಗುವಿಗೆ ಬೇಕಾದದ್ದೂ ಅದೇ. ಕಷ್ಟವೆಂದರೆ, ಹತ್ತಿ ಬೆಳೆಯುವ ಊರಿನ ಪೆಟ್ಟಿಗೆಯಲ್ಲಿಯೂ ಈಗ ಪಾಲಿಯೆಸ್ಟರ್ ಸೀರೆಗಳೇ ತುಂಬಿವೆ. ಅದು ಬೆವರು ಹೀರುವುದಿಲ್ಲ. ಬೆವರು ನಿಂತರೆ ನವೆ ಏರುತ್ತದೆ. ಸಂಶಯ ಬಂದರೆ ಬಟ್ಟೆಯ ಅಂಚಿನಿಂದ ಒಂದು ದಾರ ಎಳೆದು, ಮಕ್ಕಳಿಂದ ದೂರದಲ್ಲಿ ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಗುಂಡಾಗುತ್ತದೆ.

ಹೊಲಿಗೆ ಬಲು ಸುಲಭ. ಬೆರಳುಗಳನ್ನು ಬೇರೆಬೇರೆ ಮಾಡುವ ಗೋಜಿಲ್ಲ, ಚಿಕ್ಕದೊಂದು ಚೀಲ, ಮುಷ್ಟಿ ಬಿಚ್ಚುವಷ್ಟು ಸಡಿಲ. ಆದರೆ ಎಚ್ಚರ ವಹಿಸಬೇಕಾದ ಒಂದು ಸಂಗತಿಯುಂಟು, ತಾಯಂದಿರು ದಯವಿಟ್ಟು ಗಮನಿಸಬೇಕು. ಹೊಲಿಗೆಯ ಅಂಚು ಹೊರಮುಖವಾಗಿರಲಿ, ಒಳಗೆ ಒಂದು ಎಳೆಯೂ ಜೋಲಾಡದಿರಲಿ. ಒಳಗಿನ ಸಡಿಲ ದಾರವೊಂದು ಬೆರಳಿಗೆ ಸುತ್ತಿಕೊಂಡರೆ, ಮಗು ಕೈಯಾಡಿಸಿದಷ್ಟೂ ಅದು ಬಿಗಿಯುತ್ತ ಹೋಗುತ್ತದೆ. ರಕ್ತ ಹರಿಯುವುದು ನಿಂತು ಬೆರಳೇ ಕೊಳೆತುಹೋಗುವ ಅಪಾಯವುಂಟು. ಅಂಥ ಪ್ರಸಂಗಗಳನ್ನು ವೈದ್ಯರು ಬರೆದಿಟ್ಟಿದ್ದಾರೆ. ಗವಸಿನೊಳಗೆ ಕೈ ಕಾಣದಾದ್ದರಿಂದ ಮಗು ಏಕೆ ಅಳುತ್ತಿದೆಯೆಂದು ತಿಳಿಯುವುದೇ ಇಲ್ಲ. ಪ್ರತಿ ಸಲ ತೊಡಿಸುವ ಮುನ್ನ ಒಳಗನ್ನು ಹೊರಗೆ ತಿರುಗಿಸಿ ನೋಡಿ. ಕಾರಣವಿಲ್ಲದೆ ಅತ್ತರೆ ಮೊದಲು ಗವಸನ್ನೇ ಕಳಚಿ. ಮಣಿಕಟ್ಟಿಗೆ ಲಾಡಿ, ರಬ್ಬರು ಬೇಡವೇ ಬೇಡ. ಉದ್ದ ತೋಳಿನ ಅಂಗಿಯ ತುದಿಗೇ ಚೀಲವನ್ನು ಹೊಲಿದುಬಿಟ್ಟರೆ ಕಟ್ಟುವ ಪ್ರಶ್ನೆಯೇ ಇಲ್ಲ, ಮಗು ಕಿತ್ತೆಸೆಯಲೂ ಆಗದು.

ಹಗಲೆಲ್ಲ ತೊಡಿಸಿಡಬೇಕೆಂದು ತಿಳಿಯಬಾರದು. ಎಳೆಯ ಕೂಸಿಗೆ ಕೈಯೇ ಮೊದಲ ಶಾಲೆ: ಮುಟ್ಟಿ, ಹಿಡಿದು, ಬೀಳಿಸಿ ಅದು ಲೋಕವನ್ನು ತಿಳಿಯುತ್ತದೆ. ಗವಸು ರಾತ್ರಿಗೆ, ನವೆ ಮಿತಿಮೀರಿದ ಒಂದೆರಡು ಗಳಿಗೆಗೆ. ಜೊಲ್ಲಿನಿಂದ ಒದ್ದೆಯಾದರೆ ಆಗಲೇ ಬದಲಿಸಬೇಕು. ರಾಯಚೂರಿನ ಬೇಸಗೆಯಲ್ಲಿ, ದೊಡ್ಡವರೇ ಮಾಳಿಗೆಯ ಮೇಲೆ ಮಲಗುವ ದಿನಗಳಲ್ಲಿ, ಒಂದೇ ಪದರದ ತೆಳುಬಟ್ಟೆ ಸಾಕು.

ಬರಿಯ ಗವಸು ಔಷಧವಲ್ಲ. ಸ್ನಾನವಾದೊಡನೆ ಮೈ ಇನ್ನೂ ತುಸು ತೇವವಿರುವಾಗಲೇ ವ್ಯಾಸಲೀನಿನಂಥ ಜಿಡ್ಡು ಹಚ್ಚಬೇಕು. ರಾತ್ರಿ ಮತ್ತೊಮ್ಮೆ ಹಚ್ಚಿ ಆಮೇಲೆ ಗವಸು. ಮನೆಯಲ್ಲಿ ಹೇಗೂ ಶೇಂಗಾ ಎಣ್ಣೆಯಿದೆಯಲ್ಲ ಎಂದು ಅದನ್ನು ಒಡೆದ ಚರ್ಮಕ್ಕೆ ಸವರುವುದು ಒಳ್ಳೆಯದಲ್ಲ. ಶೇಂಗಾ ಎಣ್ಣೆಯ ಲೇಪಗಳನ್ನು ಬಳಸಿದ್ದಕ್ಕೂ ಮುಂದೆ ಶೇಂಗಾ ಒಗ್ಗದಿರುವುದಕ್ಕೂ ನಂಟಿರುವುದು 2003ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಅಧ್ಯಯನವೊಂದರಲ್ಲಿ ಕಂಡುಬಂದಿತು. ಇನ್ನು, ಹತ್ತಿಗಿಂತ ರೇಷ್ಮೆ ಮೇಲಲ್ಲವೇ ಎಂದು ಕೇಳುವವರಿದ್ದಾರೆ. ಅದೇ ದೇಶದಲ್ಲಿ 300 ಮಕ್ಕಳ ಮೇಲೆ ಆರು ತಿಂಗಳು ಪರೀಕ್ಷಿಸಿ 2017ರಲ್ಲಿ ಹೊರಬಂದ ವರದಿ, ಮಾಮೂಲು ಚಿಕಿತ್ಸೆಯ ಜೊತೆಗೆ ವಿಶೇಷ ರೇಷ್ಮೆ ಉಡುಪು ತೊಡಿಸಿದ್ದರಿಂದ ಇಸುಬು ಹೆಚ್ಚು ಗುಣವಾಗಲಿಲ್ಲವೆಂದಿತು. ರೇಷ್ಮೆಯ ನಾಡಿನವರಿಗೆ ಇದು ರುಚಿಸದಿರಬಹುದು. ಕಿಸೆಗೆ ಮಾತ್ರ ಹಿತವಾದ ಸುದ್ದಿ.

ಬೆರಳಸಂದಿಯಲ್ಲಿ ಗುಳ್ಳೆಗಳೆದ್ದು, ಮನೆಮಂದಿಯೆಲ್ಲ ರಾತ್ರಿ ಕೆರೆದುಕೊಳ್ಳುತ್ತಿದ್ದರೆ ಅದು ಇಸುಬಲ್ಲ, ಕಜ್ಜಿಯಿರಬಹುದು. ಅದಕ್ಕೆ ಮನೆಯವರೆಲ್ಲರಿಗೂ ಒಟ್ಟಿಗೆ ಔಷಧವಾಗಬೇಕು. ಗಾಯ ಹಳದಿ ಹೊಪ್ಪಳೆಗಟ್ಟಿ ಸೋರಿದರೆ, ಜ್ವರದೊಡನೆ ನೀರುಗುಳ್ಳೆಗಳು ಗುಂಪಾಗಿ ಎದ್ದರೆ ಅಂದೇ ವೈದ್ಯರಲ್ಲಿಗೆ ಹೋಗತಕ್ಕದ್ದು. ಔಷಧದಂಗಡಿಯವನು ಕೊಟ್ಟ ಟ್ಯೂಬನ್ನು ಚೀಟಿಯಿಲ್ಲದೆ ಹಚ್ಚಬಾರದು.

ಗವಸುಗಳನ್ನು ಹೊಲಿಯುವಾಗ ಆರು ಜೊತೆಯನ್ನಾದರೂ ಹೊಲಿದಿಡಿ. ಗಂಜಿ ಹಾಕದೆ, ಸಾಬೂನು ಪೂರ್ತಿ ಹೋಗುವವರೆಗೆ ಎರಡು ಸಲ ನೀರಿನಲ್ಲಿ ಜಾಲಿಸಿ ಒಣಗಿಸಿ. ಅಜ್ಜನ ಹಳೆಯ ಧೋತರ ಒಂದಿದ್ದರೆ ಅಷ್ಟೂ ಆಗಿ, ಮಗುವಿನ ಜೊಲ್ಲು ಒರೆಸಲು ಒಂದು ತುಂಡು ಉಳಿಯುತ್ತದೆ.