ತಾರೀಖು ಹಾಕ್ರಿ

2024ರ ಏಪ್ರಿಲ್. ರಾಯಚೂರು ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಏಳಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ಮಿರ್ಚಿ, ಒಗ್ಗರಣಿ ಕಟ್ಟಿಸಿಕೊಂಡು ಮಾನ್ವಿ ಬಸ್ಸು ಹತ್ತಿದ ಹುಡುಗಿಯ ಹೆಗಲಲ್ಲಿ ಬಟ್ಟೆಚೀಲ. ಒಳಗೆ ಉದ್ಯೋಗ ಖಾತ್ರಿ ಕೆಲಸ ಕೇಳುವ ನಮೂನೆ 6ರ ಅರ್ಜಿಗಳ ಕಟ್ಟು, ಹೆಬ್ಬೆಟ್ಟಿಗೆ ಇಂಕ್ ಪ್ಯಾಡು. ಎಂಎಸ್‌ಡಬ್ಲ್ಯು ಮುಗಿಸಿ ಕೂಲಿಕಾರರ ಸಂಘಟನೆ ಸೇರಿದವಳು. ಸಂಬಳ ಕೇಳಿದರೆ ನಗುತ್ತಾಳೆ. ಮನೆಯಲ್ಲಿ ಅವ್ವ ಇವತ್ತಿಗೂ ಕೇಳುವುದು ಒಂದೇ: "ನೌಕರಿ ಯಾವಾಗ ಸಿಗತೈತವ್ವಾ?"

ಅವಳ ಜೊತೆ ನಾನೂ ಹೊರಟಿದ್ದೆ. ಕಲ್ಲೂರು ದಾಟಿದೆವು. ಬರದ ವರ್ಷ, ತುಂಗಭದ್ರಾ ಎಡದಂಡೆಯ ಕೊನೆಭಾಗದ ಹೊಲಗಳು ಬಿರುಕು ಬಿಟ್ಟು ಮಲಗಿದ್ದವು. ಊರೊಳಗೆ ಹೋದರೆ ಮೂರು ಮನೆಗೊಂದು ಬೀಗ. ಬೆಂಗಳೂರಿಗೆ, ಪುಣೆಗೆ ಗುಳೆ.

ಪಂಚಾಯಿತಿ ಕಟ್ಟೆಯ ಮೇಲೆ ಕೇರಿಯ ಹನ್ನೆರಡು ಹೆಂಗಸರು ಕಾದಿದ್ದರು. ಹುಡುಗಿ ಒಳಗೆ ಹೋಗಲಿಲ್ಲ, ಹೊರಗೇ ಕೂತಳು. ಹಾಗೆ ಸುಮ್ಮನೆ ಕೂಡುವುದನ್ನು ಕಲಿಯಲು ತನಗೆ ಎರಡು ವರ್ಷ ಬೇಕಾಯಿತು ಎಂದಳು.

"ಅರ್ಜಿ ಇಟ್ಟು ಹೋಗ್ರಿ, ನೋಡೋಣ" ಎಂದರು ಒಳಗಿನವರು.

"ರಸೀದಿ ಕೊಡ್ರಿ ಸಾಹೇಬ್ರ." ಎಲ್ಲರಿಗಿಂತ ಹಿರಿಯಜ್ಜಿ ಅಲ್ಲಾಡಲಿಲ್ಲ. ಚೀಟಿ ಬಂತು, ಮೊಹರೂ ಬಿತ್ತು. ಅಜ್ಜಿಗೆ ಅಕ್ಷರ ಬಾರದು. ಆದರೂ ಚೀಟಿಯನ್ನು ಬೆಳಕಿಗೆ ಹಿಡಿದು, ಮೇಲಿನ ಬಲಮೂಲೆಯ ಖಾಲಿ ಗೆರೆಯ ಮೇಲೆ ಬೆರಳಿಟ್ಟಳು: "ಇಲ್ಲಿ ತಾರೀಖು ಹಾಕ್ರಿ."

ಆ ತಾರೀಖಿನಿಂದ 15 ದಿನದೊಳಗೆ ಕೆಲಸ ಕೊಡಬೇಕು, ಇಲ್ಲದಿದ್ದರೆ ನಿರುದ್ಯೋಗ ಭತ್ಯೆ. ಆಗ ದಿನಗೂಲಿ 349 ರೂಪಾಯಿ. ತಾರೀಖಿಲ್ಲದ ಚೀಟಿಗೆ ಹದಿನೈದನೆಯ ದಿನವೇ ಬರುವುದಿಲ್ಲ. 2006ರಲ್ಲಿ ಉದ್ಯೋಗ ಖಾತ್ರಿ ಮೊದಲು ಬಂದ ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಆ ಖಾಲಿ ಗೆರೆಯ ಬೆಲೆ ಇಲ್ಲಿನವರಿಗೆ ಚೆನ್ನಾಗಿ ಗೊತ್ತು.

ಇಂಥ ಕೆಲಸಕ್ಕೆ "ಸಮಾಜ ಸೇವೆ" ಎಂಬ ಮಾತು ನನಗೆ ಅಷ್ಟು ಹಿಡಿಸುವುದಿಲ್ಲ. ಶಾಲು, ಹಾರದ ವಾಸನೆ ಬರುತ್ತದೆ. ಇದೇ ಸೀಮೆಯ ಪೋತ್ನಾಳದಲ್ಲಿ ದಲಿತ ಕೂಲಿ ಹೆಂಗಸರು ಜಾಗೃತ ಮಹಿಳಾ ಸಂಘಟನೆ ಕಟ್ಟಿಕೊಂಡರು, ದುಡಿಯುವ ಮಕ್ಕಳಿಗೆಂದು 'ಚಿಲಿಪಿಲಿ' ಶಾಲೆ ತೆರೆದರು. 2019ರ ಜನವರಿಯಲ್ಲಿ ಮದ್ಯ ನಿಷೇಧಿಸಿ ಎಂದು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದ ಹೆಂಗಸರಲ್ಲಿ ರಾಯಚೂರಿನ ಹಳ್ಳಿಗಳವರೂ ಇದ್ದರು. ಅವರನ್ನು ಯಾರೂ ನಾಯಕಿಯರೆಂದು ಕರೆದದ್ದು ನಾನು ಕೇಳಿಲ್ಲ.

ಮಧ್ಯಾಹ್ನ ಸಿರವಾರದ ಮೇಲಿಂದ ದೇವದುರ್ಗಕ್ಕೆ. 'ಸಮೂಹ' ಸಂಸ್ಥೆಯವರು ಎಂಬತ್ತರ ದಶಕದಲ್ಲೇ ಕೆಲಸ ಹಿಡಿದ ತಾಲ್ಲೂಕು. ಸಂಜೆ ನಾವು ಹೋದ ಮನೆಯ ಹೊರಗೋಡೆಯ ಮೇಲೆ ಇದ್ದಿಲ ಗೀಟುಗಳು. ಹುಡುಗಿ ಒಂದೊಂದಾಗಿ ಮುಟ್ಟಿ ಎಣಿಸಿದಳು. ಹನ್ನೊಂದು.

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. "ಇನ್ನ ನಾಕು ಐತಿ" ಎಂದು ಒಂದು ದನಿ. ಮತ್ತೆ ಸದ್ದು ಶುರುವಾಯಿತು.